ಶ್ರೀಲಂಕಾದಲ್ಲಿ 8 ದಿನ ಸೈಕಲ್: ದಾರಿ ಹಾಕಿದೀವಿ, ತಪ್ಪಿದ್ರೆ ತಿದ್ದಿ

ನಂದಿ ತಪ್ಪಲು (ಚಿಕ್ಕಬಳ್ಳಾಪುರ)
ಎಲ್ಲರಿಗೂ ನಮಸ್ಕಾರ. ನಾಲ್ಕು ಜನ, ನಾಲ್ಕೂ ರೋಡ್ ಬೈಕು. ಜನವರಿ ಎರಡನೇ ವಾರ ಶ್ರೀಲಂಕಾ ಅಂತ ಲೆಕ್ಕ. ತುಳಿಯೋಕೆ ಪೂರ್ತಿ 8 ದಿನ ಸಿಗುತ್ತೆ. ಹಾಕಿರೋ ದಾರಿ ಹೀಗಿದೆ:

1. ನೆಗೊಂಬೊ–ದಂಬುಲ್ಲ, 140 ಕಿ.ಮೀ
2. ದಂಬುಲ್ಲ–ಸಿಗಿರಿಯ ನೋಡ್ಕೊಂಡು ಕ್ಯಾಂಡಿ, 110
3. ಕ್ಯಾಂಡಿ–ನುವರ ಎಲಿಯ, 77
4. ನುವರ ಎಲಿಯ–ಎಲ್ಲ, 57 (ಎಲ್ಲ ಅನ್ನೋದು ಊರಿನ ಹೆಸರು)
5. ಎಲ್ಲ–ತಿಸ್ಸಮಹಾರಾಮ, 90
6. ತಿಸ್ಸ–ಮಾತರ, 110
7. ಮಾತರ–ಗಾಲೆ, 45
8. ಗಾಲೆ–ಕೊಲಂಬೊ–ನೆಗೊಂಬೊ, 155

ಒಟ್ಟು 780ರ ಸುಮಾರು. ಗೇರಿನ ಹಲ್ಲು ಮುಂದೆ 50/34, ಹಿಂದೆ 11-28. ನಂದಿ ಬೆಟ್ಟ ವಾರಕ್ಕೊಂದು ಸಲ ಹತ್ತೋ ಅಭ್ಯಾಸ ನಾಲ್ಕು ಜನಕ್ಕೂ ಇದೆ. ನೋಟ ಚೆನ್ನಾಗಿರೋ ರಸ್ತೆ ಬೇಕು, ದಾಖಲೆ ಮುರಿಯೋ ಆಸೆ ಇಲ್ಲ. ಎಲ್ಲಿ ಎಡವಿದೀವಿ ಹೇಳಿ.

ಮುಳಬಾಗಿಲು ಸವಾರ
8ನೇ ದಿನ ತೆಗೆದುಬಿಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಕೋಟೆ ಬೀದಿ (ಕೋಲಾರ)
ದಾರಿಗಿಂತ ಮೊದಲು ತಿಂಗಳು ಸರಿ ಮಾಡ್ಕೊಳಿ ತಮ್ಮ. ಆ ದ್ವೀಪಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ್ದು. ಕೊಲಂಬೊ, ಗಾಲೆ, ಹಟ್ಟನ್ ಕಡೆ ನೆನೆಸ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯದ್ದು; ಟ್ರಿಂಕೋಮಲಿ, ಬಟ್ಟಿಕಲೋವ ಕಡೆಗೆ. ಎರಡರ ಮಧ್ಯೆ ಅಕ್ಟೋಬರ್-ನವೆಂಬರ್‌ನಲ್ಲಿ ಮಧ್ಯಾಹ್ನ ಆದರೆ ಎಲ್ಲ ಕಡೆ ಗುಡುಗು.

ಜನವರಿ ಅಂದರೆ ಒಣ ತಿಂಗಳು ಅಂತ ಎಲ್ಲರೂ ಬರೀತಾರೆ. ಅದು ಗಾಲೆ ಕರಾವಳಿಗೆ ಸರಿ. ನಿಮ್ಮ 4ನೇ ದಿನ ಬೆಟ್ಟದ ಪೂರ್ವ ಮಗ್ಗುಲಿಗೆ ಇಳೀತದೆ. ವೆಲಿಮಡ, ಬಂಡಾರವೆಲ, ಬದುಲ್ಲ ಇವೆಲ್ಲ ಈಶಾನ್ಯ ಮಳೆಗೆ ಎದೆಯೊಡ್ಡಿ ನಿಂತಿರೋ ಜಾಗ. ಜನವರಿ ಮೊದಲರ್ಧದಲ್ಲಿ ಅಲ್ಲಿ ಎರಡು ಮೂರು ದಿನ ಬಿಡದೆ ಜಿನುಗೋದು ಸಾಮಾನ್ಯ. ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ ಎರಡನೇ ವಾರ, ಆ ನಾಲ್ಕು ವಾರದಲ್ಲಿ ಬೆಟ್ಟ, ದಕ್ಷಿಣ ಕರಾವಳಿ ಎರಡೂ ಒಟ್ಟಿಗೆ ಒಣಗಿರ್ತವೆ. ಏಪ್ರಿಲ್‌ಗೆ ತಳ್ಳಬೇಡಿ, ತಿಂಗಳ ಮಧ್ಯೆ ಅವರ ಹೊಸ ವರ್ಷ, ಇಡೀ ದ್ವೀಪದ ಜನ ನುವರ ಎಲಿಯದಲ್ಲಿ ಇರ್ತಾರೆ.

ದುರ್ಗದ ಏರು (ತುಮಕೂರು)
ಕೋಟೆ ಬೀದಿಯವರ ಮಾತು ಪೂರ್ತಿ ಒಪ್ತೀನಿ. ಒಂದು ಸೇರಿಸ್ತೀನಿ: ಗಾಳಿ. ಫೆಬ್ರವರಿಯಲ್ಲೂ ಈಶಾನ್ಯದ ಗಾಳಿ ಉಳಿದಿರುತ್ತೆ. ತಿಸ್ಸದಿಂದ ಗಾಲೆ ಕಡೆ ಹೋಗೋರಿಗೆ ಅದು ಬಲಬೆನ್ನಿಗೆ ಬರುತ್ತೆ. ಉಲ್ಟಾ ಹೋದರೆ ಅದೇ ಗಾಳಿ ಮುಖಕ್ಕೆ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಎಡಗಡೆಯಿಂದ ಶುರುವಾಗುತ್ತೆ, ಅಷ್ಟು ಹೊತ್ತಿಗೆ ಊರು ಸೇರಿರಬೇಕು.

ಇನ್ನೊಂದು ವಿಷಯ ಬಹಳ ಜನ ಲೆಕ್ಕಕ್ಕೆ ತಗೊಳ್ಳಲ್ಲ. ಅಲ್ಲೂ ನಮ್ಮ ಹಾಗೆ ಎಡಬದಿ ಸಂಚಾರ. ಪ್ರದಕ್ಷಿಣೆ ಹಾಕಿದ ಹಾಗೆ, ಅಂದರೆ ದ್ವೀಪ ನಿಮ್ಮ ಬಲಕ್ಕೆ ಇರೋ ಹಾಗೆ ಸುತ್ತಿದರೆ ಸಮುದ್ರ ಯಾವಾಗಲೂ ನಿಮ್ಮ ಎಡಕ್ಕೆ, ನಿಮ್ಮ ಪಕ್ಕದಲ್ಲೇ. ನಿಂತು ನೋಡೋಕೆ ರಸ್ತೆ ದಾಟಬೇಕಿಲ್ಲ. ಬೆಳಗ್ಗೆ ಪಶ್ಚಿಮಕ್ಕೆ ಹೋಗ್ತಿರ್ತೀರ, ಬಿಸಿಲು ಬೆನ್ನಿಗೆ. ದಿಕ್ಕು ನೀವು ಸರಿಯಾಗೇ ಆರಿಸಿದೀರ.

ನಂದಿ ತಪ್ಪಲು
ದಿಕ್ಕು ಹೀಗೆ ಯೋಚಿಸಿ ಹಾಕಿದ್ದಲ್ಲ ಅಣ್ಣ, ಆದರೂ ಸರಿಯಾಯ್ತು. ತಿಂಗಳು ಬದಲಾಯಿಸಬಹುದು, ರಜೆ ಇನ್ನೂ ಹಾಕಿಲ್ಲ. 8ನೇ ದಿನ ಯಾಕೆ ಬೇಡ?

ಮುಳಬಾಗಿಲು ಸವಾರ
ಗಾಲೆ–ಕೊಲಂಬೊ ಎ2 ರಸ್ತೆ. ಊರು ಮುಗಿಯೋಕೆ ಮುಂಚೆ ಇನ್ನೊಂದು ಊರು. ಎದುರಿಗೊಂದು ಲೇನು, ನಮಗೊಂದು ಲೇನು, ಅದರಲ್ಲೇ ಖಾಸಗಿ ಬಸ್ಸುಗಳ ಪೈಪೋಟಿ. ಸ್ಟಾಪ್ ಬಂದ ಕೂಡಲೇ ನಿಮ್ಮನ್ನ ದಾಟಿ ಎಡಕ್ಕೆ ಎಳೆದು ಬ್ರೇಕ್ ಹಾಕ್ತಾರೆ. ಎಕ್ಸ್‌ಪ್ರೆಸ್‌ವೇಗೆ ಸೈಕಲ್ ಬಿಡಲ್ಲ. ರೈಲು ಹಳಿ ಇರೋದು ಅಲೆಗಳ ಪಕ್ಕದಲ್ಲೇ, ನೋಟ ಬೇಕಾದರೆ ರೈಲಲ್ಲಿ ಕೂತು ನೋಡಿ.

ವಿದುರಾಶ್ವತ್ಥ ದಾರಿ (ಗೌರಿಬಿದನೂರು)
ನಂದಿ ತಪ್ಪಲು ಅವರೇ, ನಿಮ್ಮ ಪಟ್ಟಿಯಲ್ಲಿ ಬರೀ ಕಿ.ಮೀ ಇದೆ, ಏರಿನ ಮೀಟರ್ ಇಲ್ಲ. ತಪ್ಪು ಶುರುವಾಗೋದೇ ಅಲ್ಲಿ. ಪ್ರತಿ ದಿನಕ್ಕೂ ಪಕ್ಕದಲ್ಲಿ ಒಟ್ಟು ಏರು ಬರೆದು, ಅದನ್ನ ಕಿ.ಮೀನಿಂದ ಭಾಗಿಸಿ. ಕಿ.ಮೀಗೆ 5 ಮೀಟರ್ ಒಳಗೆ ಇದ್ದರೆ ಸಪಾಟು. 10ರ ಆಸುಪಾಸು ನಮ್ಮ ಚಿಂತಾಮಣಿ-ಶಿಡ್ಲಘಟ್ಟದ ಅಲೆ ಅಲೆ ರಸ್ತೆ. 20 ದಾಟಿದರೆ ಆ ದಿನ ಬೆಟ್ಟದ ದಿನ, ಬೇರೇನೂ ಸೇರಿಸಬಾರದು.

ಕ್ಯಾಂಡಿ ಸುಮಾರು 500 ಮೀಟರ್ ಎತ್ತರ, ನುವರ ಎಲಿಯ 1,868. ನಡುವಿನ ಇಳಿತ-ಏರು ಸೇರಿಸಿದರೆ 1,800 ಮೀಟರ್ ಹತ್ತಬೇಕು. 77 ಕಿ.ಮೀಗೆ ಅಂದರೆ ಕಿ.ಮೀಗೆ 23. ನಂದಿಯನ್ನ ಒಂದೇ ದಿನ ನಾಲ್ಕು ಸಲ ಹತ್ತಿದ ಹಾಗೆ. ಸಮಯಕ್ಕೆ ನನ್ನ ಲೆಕ್ಕ: ಸಪಾಟಲ್ಲಿ ಗಂಟೆಗೆ 22 ಕಿ.ಮೀ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಜಾಸ್ತಿ. 77ನ್ನ 22ರಿಂದ ಭಾಗಿಸಿದರೆ ಮೂರೂವರೆ, ಏರಿಗೆ ಮೂರು, ನಿಲ್ಲೋಕೆ ಎರಡು. ಎಂಟೂವರೆ ಗಂಟೆ. ಬೆಳಗ್ಗೆ 6ಕ್ಕೆ ಹೊರಟರೆ ಎರಡೂವರೆಗೆ ತಲುಪ್ತೀರ. ಇದರ ಹಿಂದಿನ ದಿನ 110, ಅದರ ಹಿಂದೆ 140 ಇಟ್ಟಿದೀರಲ್ಲ, ಮೂರನೇ ದಿನಕ್ಕೆ ಕಾಲಲ್ಲಿ ಏನು ಉಳಿದಿರುತ್ತೆ?

ಇನ್ನು ಜಿಪಿಎಕ್ಸ್ (ದಾರಿಯ ಗೆರೆ ಇರೋ ಫೈಲು) ಹಾಕೋವಾಗ ಒಂದು ಎಚ್ಚರಿಕೆ. ದಾರಿ ಹಾಕೋ ಎಷ್ಟೋ ಆ್ಯಪ್‌ಗಳು ಎತ್ತರ ತೋರಿಸೋಕೆ ಬಳಸೋ ಉಪಗ್ರಹದ ದತ್ತಾಂಶ 30 ಮೀಟರ್‌ಗೊಂದು ಚೌಕದ್ದು. ಗುಡ್ಡ ಕಡಿದು ಮಾಡಿರೋ ರಸ್ತೆಯಲ್ಲಿ ರಸ್ತೆ ಒಂದು ಚೌಕದಲ್ಲಿ, ಮೇಲಿನ ಬಂಡೆ ಪಕ್ಕದ ಚೌಕದಲ್ಲಿ. ಗೆರೆ ನಾಲ್ಕು ಮೀಟರ್ ಸರಿದರೂ ಶೇ 20ರ ಏರು ಅಂತ ಗ್ರಾಫಲ್ಲಿ ಸುಳ್ಳು ಮೊಳೆ ಏಳುತ್ತೆ. ಅದನ್ನ ನೋಡಿ ಹೆದರಬೇಡಿ, ಒಂದೊಂದು ಕಿ.ಮೀ ಸರಾಸರಿ ತೆಗೆದು ನೋಡಿ. ಹಾಗೆಯೇ ಒಟ್ಟು ಏರಿನ ಅಂಕಿಯೂ ಬೆಟ್ಟದಲ್ಲಿ ಉಬ್ಬಿರುತ್ತೆ.

ಚಿಂತಾಮಣಿ 34 ಹಲ್ಲು
ಗೇರು ವಿಷಯ ನನಗೆ ಬಿಡಿ.

34/28 (ಮುಂದೆ 34 ಹಲ್ಲು, ಹಿಂದೆ 28) ಅಂದರೆ ಪೆಡಲ್ ಒಂದು ಸುತ್ತಿಗೆ ಚಕ್ರ 1.21 ಸುತ್ತು. ಚಕ್ರದ ಸುತ್ತಳತೆ 2.1 ಮೀಟರ್ ಹಿಡಿದರೆ, ನಿಮಿಷಕ್ಕೆ 60 ಸುತ್ತು ತುಳಿದಾಗ ಗಂಟೆಗೆ 9.2 ಕಿ.ಮೀ. 34/34 ಆದರೆ 7.6 ಕಿ.ಮೀ. ವ್ಯತ್ಯಾಸ ಸಣ್ಣದು ಅನ್ನಿಸ್ತದೆ. ಆದರೆ ಸವಾರ, ಸೈಕಲ್, ಬ್ಯಾಗು ಸೇರಿ 90 ಕಿಲೋ ಇದ್ದು ಏರು ಶೇ 10 ಇದ್ದರೆ, ಮೊದಲನೇದಕ್ಕೆ 240 ವಾಟ್ ಸುತ್ತ ಬೇಕು, ಎರಡನೇದಕ್ಕೆ 195. 240 ವಾಟನ್ನ ಒಂದು ಗಂಟೆ ಹಿಡಿಯೋರು ನಮ್ಮಲ್ಲಿ ಎಷ್ಟು ಜನ? ವೇಗ ಇನ್ನೂ ಇಳಿಸೋಣ ಅಂದರೆ ಪೆಡಲ್ 45 ಸುತ್ತಿಗೆ ಬರ್ತದೆ, ಮಂಡಿ ಹಿಡಿಯೋದು ಆಗಲೇ.

ಬರೀ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬದಲಾಯಿಸಿದರೆ ಸಾಲದು. ಚೈನನ್ನ ಗೇರಿಂದ ಗೇರಿಗೆ ಸರಿಸೋ ಹಿಂದಿನ ಡಿರೇಲರ್ ನೋಡಿ. ಶಿಮಾನೊ 105 ಆರ್7000 ಗಿಡ್ಡ ಕೇಜ್ (ಚೈನು ಹಿಡಿಯೋ ಕೆಳಗಿನ ತೋಳು) ಆದರೆ 30 ಹಲ್ಲಿಗೇ ಮುಗೀತು, ಉದ್ದ ಕೇಜ್ 34ರವರೆಗೆ ತಗೊಳ್ತದೆ. 28ರಿಂದ 34ಕ್ಕೆ ಹೋದರೆ ಚೈನು 4 ಲಿಂಕು ಉದ್ದ ಬೇಕು. ಹಳೇ ಚೈನನ್ನೇ ಹಾಕಿ ಅಪ್ಪಿತಪ್ಪಿ ಮುಂದೆ ದೊಡ್ಡದು, ಹಿಂದೆ ದೊಡ್ಡದು ಗೇರಿಗೆ ಹೋದರೆ ಡಿರೇಲರನ್ನ ಫ್ರೇಮಿಗೆ ಹಿಡಿದಿಡೋ ಹ್ಯಾಂಗರ್ ಕಿತ್ತು ಬರ್ತದೆ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಥರ, ಅಲ್ಲಿ ಸಿಗಲ್ಲ. ನಾಲ್ಕು ಸೈಕಲಿಗೂ ಒಂದೊಂದು ಹ್ಯಾಂಗರ್ ಇಲ್ಲಿಂದಲೇ ತಗೊಂಡು ಹೋಗಿ.

ದುರ್ಗದ ಏರು
ಗೇರಿನ ಲೆಕ್ಕ ಸರಿ, ಆದರೆ ಹೆದರಿಸೋದು ಜಾಸ್ತಿ ಆಯ್ತು ಗುರು. ಕ್ಯಾಂಡಿ–ನುವರ ಎಲಿಯ ರಸ್ತೆಯಲ್ಲಿ ಶೇ 10 ಎಲ್ಲಿದೆ? ರಂಬೊಡ ಜಲಪಾತದ ಹತ್ತಿರ 950 ಮೀಟರ್ ಎತ್ತರ, ಅಲ್ಲಿಂದ ಮೇಲಿನವರೆಗೆ 25-30 ಕಿ.ಮೀ. ಸರಾಸರಿ ಶೇ 3-4 ಬರುತ್ತೆ. ಬ್ರಿಟಿಷರ ಕಾಲದಲ್ಲಿ ಎತ್ತಿನ ಗಾಡಿ ಎಳೆಯೋ ಹಾಗೆ ಸುತ್ತಿಸಿ ಸುತ್ತಿಸಿ ಹಾಕಿದ ರಸ್ತೆಗಳು ಅವು. ನಂದಿ ಶೇ 5-6, ನಮ್ಮ ದೇವರಾಯನದುರ್ಗದ ಮೇಲಿನ ತಿರುವುಗಳು ಅದಕ್ಕಿಂತ ಕಡಿದು. 11-28ರಲ್ಲೇ ನಂದಿ ಹತ್ತೋರು ರಂಬೊಡ ಹತ್ತೇ ಹತ್ತಾರೆ.

ಚಿಂತಾಮಣಿ 34 ಹಲ್ಲು
ಎ ಅಕ್ಷರದ ಹೆದ್ದಾರಿಗೆ ನಿಮ್ಮ ಮಾತು ಸರಿ ಸಾರ್. ನೋಟ ಇರೋದು ಹೆದ್ದಾರಿಯಲ್ಲಿ ಅಲ್ಲವಲ್ಲ. ಟೀ ತೋಟದ ಒಳದಾರಿಗೆ ತಿರುಗಿದ ಕೂಡಲೇ ಶೇ 10, 12. ಹಪುತಲೆಯಿಂದ ಲಿಪ್ಟನ್ ಸೀಟ್ ಇದೆಯಲ್ಲ, ದಂಬತೆನ್ನೆ ಟೀ ಕಾರ್ಖಾನೆವರೆಗೆ ಸುಮಾರು 10 ಕಿ.ಮೀ ಗುಡ್ಡದ ಸೊಂಟ ಹಿಡಿದು ಹೋಗ್ತದೆ, ಆರಾಮು. ಅದಾದ ಮೇಲೆ 7 ಕಿ.ಮೀ ಒಂದೇ ಸಮ ಏರು, ಕಿರಿದು, ಅಲ್ಲಲ್ಲಿ ಕಿತ್ತ ಡಾಂಬರು. ಅಲ್ಲಿ ನಿಂತು ತುಳಿದರೆ ಹಿಂದಿನ ಚಕ್ರ ಜಲ್ಲಿ ಮೇಲೆ ಜಾರ್ತದೆ, ಕೂತೇ ತುಳೀಬೇಕು. ಕೂತು ತುಳಿಯೋಕೆ 34 ಬೇಕು.

ದುರ್ಗದ ಏರು
ಲಿಪ್ಟನ್ ಸೀಟ್ ಅವರ ಪಟ್ಟಿಯಲ್ಲೇ ಇಲ್ಲ.

ವಿದುರಾಶ್ವತ್ಥ ದಾರಿ
ಇರಬೇಕು ಅನ್ನೋದು ನನ್ನ ವಾದ. ಇಡೀ ಯೋಜನೆಯಲ್ಲಿ ಸಿಗಿರಿಯ ತೆಗೆದರೂ ನಡೀತದೆ, ಇದನ್ನ ಬಿಡಬಾರದು. ಸುಮಾರು 1,970 ಮೀಟರ್ ಎತ್ತರ. ದಕ್ಷಿಣಕ್ಕೆ ಬೆಟ್ಟ ಒಮ್ಮೆಲೇ ಬಿದ್ದು ಬಯಲು ತೆರೆದುಕೊಳ್ಳುತ್ತೆ. ಆದರೆ ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಕೆಳಗಿನ ಬಿಸಿ ಗಾಳಿ ಗುಡ್ಡ ಹತ್ತಿ ಮೋಡವಾಗುತ್ತೆ, ಆಮೇಲೆ ಹೋದವರಿಗೆ ಬಿಳಿ ಗೋಡೆ. ಹಿಂದಿನ ರಾತ್ರಿ ಹಪುತಲೆಯಲ್ಲೇ ಇದ್ದು ಕತ್ತಲಲ್ಲಿ ಹೊರಡಬೇಕು. ಮುಂದೆ 400 ಲ್ಯೂಮೆನ್ ಲೈಟು, ಹಿಂದೆ ಕೆಂಪು ದೀಪ. ಮೇಲೆ ಚಳಿ, ಗಾಳಿ ತಡೆಯೋ ಜಾಕೆಟ್ ಇಲ್ಲದೆ ಇಳಿಯೋಕೆ ಹೋಗಬೇಡಿ. ಬೆರಳು ಮರಗಟ್ಟಿ ಬ್ರೇಕ್ ಹಿಡಿತ ಸಿಗಲ್ಲ.

ರಾಬರ್ಟ್‌ಸನ್‌ಪೇಟೆ ರೈಡರ್ (ಕೆಜಿಎಫ್)
ಒಂದು ಅನುಕೂಲ ಹೇಳ್ತೀನಿ. ಟೀ ತೋಟದ ಕಡೆ ಕೆಲಸ ಮಾಡೋರು ಬಹುಪಾಲು ತಮಿಳರು. ಹಟ್ಟನ್, ನುವರ ಎಲಿಯ, ಹಪುತಲೆ ಎಲ್ಲ ಕಡೆ ನಮ್ಮ ಕೆಜಿಎಫ್ ತಮಿಳು ಸಾಕು. ದಾರಿ, ನೀರು, ಪಂಚರ್ ಅಂಗಡಿ ಎಲ್ಲ ವಿಚಾರಿಸಬಹುದು. ರಸ್ತೆ ಬೋರ್ಡಲ್ಲಿ ಸಿಂಹಳ, ತಮಿಳು, ಇಂಗ್ಲಿಷ್ ಮೂರೂ ಇರುತ್ತೆ. ನಾಲ್ವರಲ್ಲಿ ಒಬ್ಬರಿಗಾದರೂ ತಮಿಳು ಬಂದರೆ ತೋಟದ ಒಳದಾರಿ ಕೇಳ್ಕೊಂಡೇ ಹೋಗಬಹುದು, ಮ್ಯಾಪಲ್ಲಿ ಇಲ್ಲದ ದಾರಿ ಬಹಳ ಇವೆ.

ಶಿಡ್ಲಘಟ್ಟ ಗೂಡು
ಊಟದ್ದು ಹೇಳಿ ಯಾರಾದರೂ. ಶುದ್ಧ ಸಸ್ಯಾಹಾರಿಗಳಿಗೆ ಏನು ಗತಿ?

ರಾಬರ್ಟ್‌ಸನ್‌ಪೇಟೆ ರೈಡರ್
ಗತಿ ಚೆನ್ನಾಗೇ ಇದೆ ಅಕ್ಕ. ಅನ್ನ, ಬೇಳೆ ಸಾರು, ಮೂರು ನಾಲ್ಕು ತರಕಾರಿ ಪಲ್ಯ, ಪ್ರತಿ ಊರಲ್ಲೂ ಮಧ್ಯಾಹ್ನ ಸಿಗುತ್ತೆ. ಬೆಳಗ್ಗೆಗೆ ಇಂದಿಆಪ್ಪ, ಅಂದರೆ ನಮ್ಮ ಒತ್ತು ಶಾವಿಗೆ. ಮೋಸ ಆಗೋದು ಕಾಯಿ ಚಟ್ನಿಯಲ್ಲಿ, ಅವರು ಪೊಲ್ ಸಂಬೊಲ್ ಅಂತಾರೆ. ಅದಕ್ಕೆ ಒಣಮೀನಿನ ಪುಡಿ ಬೆರೆಸೋ ರೂಢಿ, ಹೆಸರು ಉಂಬಲಕಡ. ಪಲ್ಯಕ್ಕೂ ಹಾಕ್ತಾರೆ. 'ಉಂಬಲಕಡ ಎಪಾ' ಅಂದರೆ ಬೇಡ ಅಂತ. ತಮಿಳರ ಸೈವ ಹೋಟೆಲಾದರೆ ಕೇಳೋದೇ ಬೇಡ, ಇಡ್ಲಿ ದೋಸೆ ವಡೆ ಎಲ್ಲ ಇರ್ತದೆ.

ಪಾವಗಡ ಬಿಸಿಲು
ಊಟಕ್ಕಿಂತ ನೀರು. ಚಿಕ್ಕಬಳ್ಳಾಪುರ 900 ಮೀಟರ್ ಮೇಲಿದೆ, ಗಾಳಿ ಒಣ. ನಮ್ಮ ಪಾವಗಡದಲ್ಲಿ 38 ಡಿಗ್ರಿ ಇದ್ದರೂ ಬೆವರು ಹಾರಿಹೋಗಿ ಮೈ ತಣ್ಣಗಾಗ್ತದೆ. ತಿಸ್ಸ, ಹಂಬಂತೋಟದಲ್ಲಿ 31 ಡಿಗ್ರಿ ಅಷ್ಟೇ, ಆದರೆ ಗಾಳಿ ತುಂಬ ತೇವ. ಬೆವರು ಹಾರಲ್ಲ, ಬರೀ ತೊಟ್ಟಿಕ್ತದೆ. ನೀರೂ ಹೋಯ್ತು, ತಂಪೂ ಆಗಲಿಲ್ಲ. ಅದಕ್ಕೇ ಅಲ್ಲಿ ಮೊದಲ ಎರಡು ದಿನ ಗುಂಡಿಗೆ ಬಡಿತ ಇಲ್ಲಿಗಿಂತ ಹತ್ತು ಹದಿನೈದು ಜಾಸ್ತಿ ಓಡ್ತದೆ.

ಗಂಟೆಗೆ 750 ಮಿ.ಲೀ ಕಡ್ಡಾಯ. ಲೀಟರಿಗೆ 500ರಿಂದ 1,000 ಮಿ.ಗ್ರಾಂ ಸೋಡಿಯಂ ಸಿಗೋ ಹಾಗೆ ಉಪ್ಪು ಬೆರೆಸಿ. ಅಡುಗೆ ಉಪ್ಪಾದರೆ ಕಾಲು ಚಮಚಕ್ಕೆ ಸುಮಾರು 580 ಮಿ.ಗ್ರಾಂ. ದಾರಿ ಪಕ್ಕ ಕಿತ್ತಳೆ ಬಣ್ಣದ ಎಳನೀರು ಸಿಗ್ತದೆ, ತಂಬಿಲಿ ಅಂತಾರೆ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಎಳನೀರು ಕುಡಿದೆ ಉಪ್ಪು ಬೇಡ ಅಂತ ಬಿಟ್ಟರೆ ಸಂಜೆಗೆ ಮೀನಖಂಡ ಹಿಡಿದುಕೊಳ್ತದೆ.

ಬೆಳಗ್ಗೆ ಐದೂಮುಕ್ಕಾಲಿಗೆ ಪೆಡಲ್ ತಿರುಗಬೇಕು, ಹನ್ನೊಂದಕ್ಕೆ ಮುಗಿಸಬೇಕು. ಬೆಟ್ಟದ ದಿನಗಳಿಗೆ ಈ ನಿಯಮ ಬೇಡ.

ಬಾಗೇಪಲ್ಲಿ ಬ್ರೇಕು
ಹನ್ನೊಂದಕ್ಕೆ ಮುಗಿಸೋಕೆ ಐದೂಮುಕ್ಕಾಲಿಗೆ ಹೊರಡಿ ಅಂತೀರಲ್ಲ, ಎಲ್ಲ–ತಿಸ್ಸ ದಿನ ಅದು ಬೇಡ. ವೆಲ್ಲವಾಯ ದಾಟಿ ತನಮಲ್ವಿಲ, ಲುನುಗಂವೆಹೆರ ಕಡೆ ಆನೆ ರಸ್ತೆ ದಾಟ್ತವೆ. ಓಡಾಟ ಜಾಸ್ತಿ ಇರೋದೇ ನಸುಕು, ಮುಸ್ಸಂಜೆ. ಆ ಭಾಗಕ್ಕೆ ಎಂಟರ ಮೇಲೆ ಕಾಲಿಡಿ, ನಾಲ್ಕರೊಳಗೆ ದಾಟಿ. ಆನೆ ಕಂಡರೆ ಪಕ್ಕದಲ್ಲಿ ನುಗ್ಗಬೇಡಿ. ನಿಂತು, ಬಸ್ಸೋ ಲಾರಿಯೋ ಬರೋವರೆಗೆ ಕಾದು, ಆನೆ ಇರೋ ಬದಿಗೆ ಬಸ್ಸು ಬರೋ ಹಾಗೆ ಮರೆಯಲ್ಲಿ ಹೋಗಿ. ಬುತ್ತಲ–ಕತರಗಾಮ ರಸ್ತೆ ಹತ್ತಿರದ ದಾರಿ ಅಂತ ಮ್ಯಾಪು ತೋರಿಸಿದರೂ ಹೋಗಬೇಡಿ. ಯಾಲ ಕಾಡಿನ ಅಂಚು ಅದು. ಅಲ್ಲಿನ ಆನೆಗಳಿಗೆ ವಾಹನ ನಿಲ್ಲಿಸಿ ತಿನ್ನೋಕೆ ಕೇಳೋದು ರೂಢಿಯಾಗಿದೆ. ಕಾರಿಗೆ ಗಾಜಿದೆ, ಸೈಕಲಿಗೆ ಏನಿದೆ?

ಇನ್ನು ನನ್ನ ಹೆಸರಿನ ವಿಷಯ. ಎಲ್ಲ ಅನ್ನೋ ಊರಿಂದ ವೆಲ್ಲವಾಯಕ್ಕೆ 28 ಕಿ.ಮೀಯಲ್ಲಿ 800 ಮೀಟರ್‌ಗೂ ಹೆಚ್ಚು ಇಳೀತೀರ. ರಾವಣ ಜಲಪಾತ ರಸ್ತೆಗೇ ಅಂಟಿಕೊಂಡಿದೆ, ಆ ತಿರುವಲ್ಲಿ ಜನ, ವ್ಯಾನು, ಒದ್ದೆ ಡಾಂಬರು. ಬ್ರೇಕನ್ನ ಒತ್ತಿ ಹಿಡಿದೇ ಇಳಿದರೆ ರಿಮ್ಮು ಕಾದು ಟ್ಯೂಬು ಹೋಗ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿ, ವೇಗ ಇಳಿಸು, ಬಿಡು, ತಣ್ಣಗಾಗಲಿ. ರಿಮ್ ಬ್ರೇಕು ಇರೋರು ಮಾಮೂಲಿ ಬ್ಯೂಟೈಲ್ (ಕಪ್ಪು ರಬ್ಬರು) ಟ್ಯೂಬೇ ಹಾಕಿ. ಹಗುರದ ಟಿಪಿಯು (ಪ್ಲಾಸ್ಟಿಕ್ ಥರದ್ದು), ಲ್ಯಾಟೆಕ್ಸ್ ಟ್ಯೂಬು ಬೇಡ. ಡಿಸ್ಕ್ ಬ್ರೇಕು ಇರೋರು ಪ್ಯಾಡ್ ಬಿಚ್ಚಿ ಅಳೆದು ನೋಡಿ. 0.5 ಮಿ.ಮೀಗೆ ಬಂದರೆ ಬದಲಾಯಿಸಲೇಬೇಕು, ಆದರೆ 1 ಮಿ.ಮೀ ಇದ್ದರೂ ಈ ಪ್ರವಾಸಕ್ಕೆ ಹೊಸದು ಹಾಕಿ. ಮಳೆ, ಕೆಸರು ಸೇರಿದರೆ ರೆಸಿನ್ ಪ್ಯಾಡು ಒಂದೇ ಇಳಿಜಾರಲ್ಲಿ ಕಣ್ಣಿಗೆ ಕಾಣೋ ಹಾಗೆ ಸವೀತದೆ.

ಕೋಟೆ ಬೀದಿ
ಬೆಟ್ಟದ ರಸ್ತೆಗಳಲ್ಲಿ ಗುಡ್ಡದ ಬದಿಗೆ ಆಳವಾದ ತೆರೆದ ಚರಂಡಿ ಇರ್ತದೆ, ಮುಚ್ಚಳ ಇರಲ್ಲ. ಬಸ್ಸು ಹಾರ್ನ್ ಹೊಡೆದ ಕೂಡಲೇ ತೀರಾ ಎಡಕ್ಕೆ ಸರಿಯೋ ನಮ್ಮ ಅಭ್ಯಾಸ ಅಲ್ಲಿ ಅಪಾಯ. ಅಂಚಿನಿಂದ ಮುಕ್ಕಾಲು ಮೀಟರ್ ಬಿಟ್ಟೇ ತುಳಿಬೇಕು. ಮಳೆ ಬಿದ್ದಿದ್ದರೆ ಹೊರಡೋ ಮೊದಲು ಅವರ ಎನ್‌ಬಿಆರ್‌ಒ ಸಂಸ್ಥೆ ಕೊಡೋ ಭೂಕುಸಿತದ ಎಚ್ಚರಿಕೆ ನೋಡ್ಕೊಳಿ, ಜಿಲ್ಲೆವಾರು ಇರ್ತದೆ. ಆಂಬುಲೆನ್ಸ್ 1990, ಪೊಲೀಸ್ 119. ನಾಲ್ಕೂ ಫೋನಲ್ಲಿ ಹಾಕ್ಕೊಂಡಿರಿ.

ಶಿಡ್ಲಘಟ್ಟ ಗೂಡು
ನಾಯಿಗಳು?

ಬಾಗೇಪಲ್ಲಿ ಬ್ರೇಕು
ಇವೆ. ಓಡಿಸ್ಕೊಂಡು ಬಂದರೆ ಇಳಿದು, ಸೈಕಲನ್ನ ಮಧ್ಯೆ ಹಿಡಿದು ನಡೆಯೋದು. ನಿಂತರೆ ಹೆಚ್ಚಿನವು ಸುಮ್ಮನಾಗ್ತವೆ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ 15 ನಿಮಿಷ ಹರಿಯೋ ನೀರಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ. ಊರಿಗೆ ಬಂದು ತೋರಿಸೋಣ ಅನ್ನಬಾರದು.

ನಂದಿ ತಪ್ಪಲು
ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರಲಿಲ್ಲ. ಹಾಗಾದರೆ ದಂಬುಲ್ಲ, ಸಿಗಿರಿಯ ಬಿಟ್ಟು ನೇರ ಕ್ಯಾಂಡಿಗೆ ವ್ಯಾನಲ್ಲಿ ಹೋಗೋದಾ? ನೆಗೊಂಬೊದಿಂದ ಕ್ಯಾಂಡಿಗೆ ತುಳಿದುಕೊಂಡೇ ಹೋದರೆ?

ಮುಳಬಾಗಿಲು ಸವಾರ
ಕಡುಗನ್ನಾವ ಏರಿನಲ್ಲಿ ಕೊಲಂಬೊ–ಕ್ಯಾಂಡಿಯ ಎಲ್ಲ ಲಾರಿ ನಿಮ್ಮ ಜೊತೆ ಹತ್ತುತ್ತೆ. ಹೊಗೆ ಕುಡಿಯೋಕೆ ಅಷ್ಟು ದೂರ ಯಾಕೆ, ಇಲ್ಲೇ ರಾಷ್ಟ್ರೀಯ ಹೆದ್ದಾರಿ 44 ಇದೆ. ವ್ಯಾನು.

ದುರ್ಗದ ಏರು
ನಾನು ಒಪ್ಪಲ್ಲ. ಸಿಗಿರಿಯ ಬಯಲು ಬೆಳಗಿನ ಹೊತ್ತು ಬಹಳ ಚೆಂದ. ಕೆರೆ ಏರಿ ಮೇಲಿನ ದಾರಿ, ತಾವರೆ, ಎದುರಿಗೆ ಬಂಡೆ. ಕೋಲಾರದ ಕೆರೆ ನೋಡಿ ಬೆಳೆದವರಿಗೆ ಆ ಕೆರೆಗಳ ಜಾಲ ನೋಡಿದರೆ ಮನಸ್ಸು ನಿಲ್ಲುತ್ತೆ. ದಂಬುಲ್ಲದಲ್ಲಿ ಎರಡು ರಾತ್ರಿ ಇದ್ದು 50 ಕಿ.ಮೀ ಸಣ್ಣ ಸುತ್ತು ಹಾಕಿ, ಆಮೇಲೆ ಮಾತಲೆಯಿಂದ ರತ್ತೋಟ, ರಿವರ್‌ಸ್ಟನ್ ಕಡೆ ಹತ್ತಬಹುದು.

ಕೋಟೆ ಬೀದಿ
ರಿವರ್‌ಸ್ಟನ್ ಇರೋದು ನಕಲ್ಸ್ ಸಾಲಿನಲ್ಲಿ, ಈಶಾನ್ಯ ಮಳೆ ಮೊದಲು ಬಡಿಯೋದೇ ಅಲ್ಲಿಗೆ. ಫೆಬ್ರವರಿ ಕೊನೆವರೆಗೂ ಮಂಜು, ಜಿಗಣೆ, ಒಂದೇ ಗಾಡಿ ಹಿಡಿಯೋ ರಸ್ತೆ. 8 ದಿನದಲ್ಲಿ ಅದನ್ನೂ ತುರುಕಿದರೆ ಯಾವುದನ್ನೂ ನೋಡಿದ ಹಾಗೆ ಆಗಲ್ಲ. ಕೆರೆಗಳ ಬಯಲು ಬೇಕಾದರೆ ಇನ್ನೊಂದು ಸಲ ಅನುರಾಧಪುರ, ಪೊಲೊನ್ನರುವ ಮಾತ್ರ ಇಟ್ಕೊಂಡು ಹೋಗಿ. ಬೆಟ್ಟ ಒಂದು ಪ್ರವಾಸ, ಬಯಲು ಒಂದು ಪ್ರವಾಸ.

ರಾಬರ್ಟ್‌ಸನ್‌ಪೇಟೆ ರೈಡರ್
ಹತ್ತೋದೇ ಬೇಡ ಅನ್ನೋರಿಗೆ ಜಾಫ್ನಾ ಇದೆ. ಪೂರ್ತಿ ಸಪಾಟು. ಕೈಟ್ಸ್, ಕಾರೈನಗರ, ಪುಂಗುಡುತೀವು ಎಲ್ಲ ಸಮುದ್ರದ ಮಧ್ಯೆ ಹಾಕಿರೋ ಕಟ್ಟೆ ರಸ್ತೆ ಮೇಲೆ, ಎರಡೂ ಕಡೆ ನೀರು. ಮೇಯಿಂದ ಸೆಪ್ಟೆಂಬರ್ ನೈಋತ್ಯದ ಗಾಳಿ ಅಡ್ಡಕ್ಕೆ ಹೊಡೆದು ಸೈಕಲನ್ನೇ ಸರಿಸುತ್ತೆ. ಫೆಬ್ರವರಿ, ಮಾರ್ಚ್ ಒಳ್ಳೇದು.

ವಿದುರಾಶ್ವತ್ಥ ದಾರಿ
ಇದು ಬೇರೆ ಚರ್ಚೆಗೆ ಇರಲಿ, ಇಲ್ಲದಿದ್ದರೆ ಅವರು ಪಟ್ಟಿಗೆ ಜಾಫ್ನಾನೂ ಸೇರಿಸಿಬಿಡ್ತಾರೆ.

ಶಿಡ್ಲಘಟ್ಟ ಗೂಡು
ಸೈಕಲ್ ಇಲ್ಲಿಂದಲೇ ಒಯ್ಯೋದಾ, ಅಲ್ಲೇ ಬಾಡಿಗೆಗಾ? ನಾನಾದರೆ ಬಾಡಿಗೆ.

ಚಿಂತಾಮಣಿ 34 ಹಲ್ಲು
ಒಂದು ದಿನಕ್ಕಾದರೆ ಬಾಡಿಗೆ. ಎಂಟು ದಿನಕ್ಕೆ ಬೇರೆಯವರ ಸ್ಯಾಡಲ್, ಬೇರೆ ಅಳತೆ, ಗೊತ್ತಿಲ್ಲದ ಬ್ರೇಕು ನಾನು ಒಪ್ಪಲ್ಲ. ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿ ವಿಮಾನ ನಿಲ್ದಾಣ ಬೆಂಗಳೂರಿನ ಟ್ರಾಫಿಕ್‌ಗಿಂತ ಮುಂಚೆನೇ ಸಿಗ್ತದೆ, ಒಂದು ಗೂಡ್ಸ್ ಟೆಂಪೋದಲ್ಲಿ ನಾಲ್ಕು ಬಾಕ್ಸು. ಕೊಲಂಬೊಗೆ ಒಂದೂವರೆ ಗಂಟೆ ವಿಮಾನ.

ಬಾಕ್ಸು ಕಟ್ಟೋದು ಹೀಗೆ. ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬರೋ ರಟ್ಟಿನ ಬಾಕ್ಸು ಕೇಳಿ. ಪೆಡಲ್ ಮೊದಲು ಬಿಚ್ಚಿ. ಎಡ ಪೆಡಲಿಗೆ ಉಲ್ಟಾ ಮರೆ, ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತೆ. ಸ್ಪ್ಯಾನರ್ 15, ಇಲ್ಲ ಅಲೆನ್ 8. ಹಿಂದಿನ ಡಿರೇಲರನ್ನ 5ರ ಅಲೆನ್‌ನಲ್ಲಿ ಹ್ಯಾಂಗರ್‌ನಿಂದ ಬಿಚ್ಚಿ ಚೈನ್‌ಸ್ಟೇ (ಹಿಂಚಕ್ರದ ಪಕ್ಕದ ಫ್ರೇಮಿನ ಕೊಳವೆ) ಒಳಬದಿಗೆ ಬಟ್ಟೆ ಸುತ್ತಿ ಕಟ್ಟಿ. ಬೇರೇನು ಮರೆತರೂ ಇದು ಮರೀಬೇಡಿ, ಬಾಕ್ಸು ಬಲಕ್ಕೆ ಬಿದ್ದರೆ ಮೊದಲು ಬಾಗೋದು ಅದೇ. ಡಿಸ್ಕ್ ಇದ್ದರೆ ಪ್ಯಾಡ್ ಮಧ್ಯೆ ಪ್ಲಾಸ್ಟಿಕ್ ಬಿಲ್ಲೆ ಇಡಿ. ಇಡದೆ ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಚಕ್ರ ಕೂರಲ್ಲ. ಮುಂದಿನ ಫೋರ್ಕ್ ಕಾಲುಗಳ ಮಧ್ಯೆಯೂ ಒಂದು ಅಡ್ಡಗಡ್ಡಿ. ಟೈರಲ್ಲಿ 20-30 ಪಿಎಸ್‌ಐ ಗಾಳಿ ಉಳಿಸಿ, ಪೂರ್ತಿ ಇಳಿಸಿದರೆ ರಿಮ್ಮಿಗೆ ಏಟು. ಒಂದು ಬಾಕ್ಸು 17-18 ಕಿಲೋ ಆಗ್ತದೆ. ಸಿಒ2 ಕಾರ್ಟ್ರಿಜ್, ಸ್ಪ್ರೇ ಡಿಗ್ರೀಸರ್ ಬೇಡ, ತಪಾಸಣೆಯಲ್ಲಿ ತೆಗೆದಿಡ್ತಾರೆ. ಕೈ ಪಂಪು ತಗೊಳಿ. ಪವರ್ ಬ್ಯಾಂಕು, ಎಲೆಕ್ಟ್ರಾನಿಕ್ ಶಿಫ್ಟಿಂಗ್‌ನ ಬಿಡಿ ಬ್ಯಾಟರಿ ಕೈ ಬ್ಯಾಗಲ್ಲಿ. ಅಲ್ಲಿ ಸೇರಿಸೋವಾಗ ಸ್ಟೆಮ್ (ಹ್ಯಾಂಡಲ್ ಹಿಡಿಯೋ ಭಾಗ) ಬೋಲ್ಟಿಗೆ ಬಿಗಿ 5 ನ್ಯೂಟನ್ ಮೀಟರ್, ಕಾರ್ಬನ್ ಹ್ಯಾಂಡಲ್ ಇದ್ದರೆ ಅಂದಾಜಲ್ಲಿ ಬಿಗೀಬೇಡಿ. ಬಿಗಿ ಅಳೆಯೋ ಸಣ್ಣ ಟಾರ್ಕ್ ಕೀ ನಾಲ್ವರಿಗೆ ಒಂದು ಸಾಕು.

ದುಬಾರಿ ಸೈಕಲ್ ಇರೋರು ಹೊರಡೋವಾಗ ನಿಲ್ದಾಣದ ಕಸ್ಟಮ್ಸ್ ಕೌಂಟರಲ್ಲಿ ಫ್ರೇಮ್ ನಂಬರ್ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸ್ಕೊಳಿ. ವಾಪಸ್ ಬರೋವಾಗ ಹೊರಗಡೆ ಕೊಂಡಿದ್ದು ಅಂತ ಸುಂಕದ ಪ್ರಶ್ನೆ ಬರಲ್ಲ. ಬಾಕ್ಸ್ ಅಂಟಿಸೋ ಮೊದಲೇ ಮಾಡಿಸಬೇಕು.

ಪಾವಗಡ ಬಿಸಿಲು
ಟೈರು?

ಚಿಂತಾಮಣಿ 34 ಹಲ್ಲು
ಫ್ರೇಮು ಹಿಡಿಯೋದಾದರೆ 28 ಮಿ.ಮೀ, 75 ಕಿಲೋ ಸವಾರನಿಗೆ 75 ಪಿಎಸ್‌ಐ, ಮಳೆಯಲ್ಲಿ ಐದಾರು ಕಡಿಮೆ. ಒಬ್ಬರಿಗೆ ಎರಡು ಟ್ಯೂಬು, ಪ್ಯಾಚು ಬೇರೆ. ರೋಡ್ ಬೈಕಿನ ಉದ್ದ, ಸಣ್ಣ ವಾಲ್ವಿನ ಪ್ರೆಸ್ಟಾ ಟ್ಯೂಬು ಕ್ಯಾಂಡಿ ದಾಟಿದ ಮೇಲೆ ಸಿಗುತ್ತೆ ಅಂತ ನಂಬ್ಕೋಬೇಡಿ.

ನಂದಿ ತಪ್ಪಲು
ಎಲ್ಲರ ಮಾತು ಸೇರಿಸಿ ಹೊಸದಾಗಿ ಹಾಕಿದೀನಿ. ಫೆಬ್ರವರಿ ಮೂರನೇ ವಾರ.

1. ವ್ಯಾನಲ್ಲಿ ಕ್ಯಾಂಡಿ, ಸಂಜೆ ಪೇರಾದೆನಿಯ ಕಡೆ 25 ಕಿ.ಮೀ, ಸೈಕಲ್ ಸರಿಯಿದೆಯಾ ನೋಡೋಕೆ
2. ಕ್ಯಾಂಡಿ–ಗಂಪೊಲ–ಪುಸ್ಸೆಲ್ಲಾವ–ರಂಬೊಡ–ನುವರ ಎಲಿಯ, 77
3. ನುವರ ಎಲಿಯ–ಹಕ್ಗಲ–ವೆಲಿಮಡ–ಬಂಡಾರವೆಲ–ಹಪುತಲೆ, 55 ಒಳಗೆ
4. ನಸುಕಿಗೆ ಲಿಪ್ಟನ್ ಸೀಟ್ ಹೋಗಿ ಬಂದು, ಊಟ ಆದ ಮೇಲೆ ಎಲ್ಲ ಅನ್ನೋ ಊರಿಗೆ, ಒಟ್ಟು 60
5. ಎಲ್ಲ–ವೆಲ್ಲವಾಯ–ತನಮಲ್ವಿಲ–ತಿಸ್ಸ, 90
6. ತಿಸ್ಸ–ಹಂಬಂತೋಟ–ತಂಗಲ್ಲೆ, 70
7. ತಂಗಲ್ಲೆ–ಡೊಂದ್ರ–ಮಾತರ–ಗಾಲೆ, 80
8. ಗಾಲೆ ಕೋಟೆ ಬೆಳಗ್ಗೆ, ರೈಲಲ್ಲಿ ಕೊಲಂಬೊ

ತುಳಿಯೋದು ಮಾತ್ರ ಒಟ್ಟು 455ರ ಸುಮಾರು. ಗೇರು 11-34 ಮಾಡಿಸ್ತೀವಿ.

ದುರ್ಗದ ಏರು
ಸಿಗಿರಿಯ ಹೋಯ್ತು ಅನ್ನೋ ಬೇಜಾರು ಬಿಟ್ಟರೆ ಈ ಪಟ್ಟಿ ಗಟ್ಟಿಯಾಗಿದೆ. 7ನೇ ದಿನ ಡೊಂದ್ರದಲ್ಲಿ ದೀಪಸ್ತಂಭಕ್ಕೆ ಎಡಕ್ಕೆ ಇಳೀರಿ, ದ್ವೀಪದ ದಕ್ಷಿಣ ತುದಿ ಅದೇ. ಹೆದ್ದಾರಿಯಿಂದ ಒಂದೆರಡು ಕಿ.ಮೀ ಅಷ್ಟೇ.

ವಿದುರಾಶ್ವತ್ಥ ದಾರಿ
3ನೇ ದಿನ ಕಿ.ಮೀ ನೋಡಿ ಹಗುರ ಅಂದ್ಕೋಬೇಡಿ. ವೆಲಿಮಡಕ್ಕೆ 800 ಮೀಟರ್ ಇಳಿದು ಮತ್ತೆ ಹಪುತಲೆಯ 1,431ಕ್ಕೆ ಹತ್ತಬೇಕು. ಮಧ್ಯಾಹ್ನ ಬಿಸಿಲಲ್ಲಿ ಹತ್ತೋದು. ನುವರ ಎಲಿಯ ಏಳಕ್ಕೆ ಬಿಡಿ.

ಕೋಟೆ ಬೀದಿ
ಹುಣ್ಣಿಮೆ ಯಾವತ್ತು ಅಂತ ಪಂಚಾಂಗ ನೋಡಿದೀರಾ? ಅಲ್ಲಿ ಪ್ರತಿ ಹುಣ್ಣಿಮೆ ಪೋಯ ರಜೆ. ಆ ದಿನ ಮತ್ತು ಅದಕ್ಕೆ ಅಂಟಿದ ವಾರಾಂತ್ಯ ಕ್ಯಾಂಡಿ, ನುವರ ಎಲಿಯದಲ್ಲಿ ರೂಮು ಸಿಗಲ್ಲ, ರಂಬೊಡ ರಸ್ತೆ ಪೂರ್ತಿ ವ್ಯಾನು. 2ನೇ ದಿನ ಮಂಗಳವಾರವೋ ಬುಧವಾರವೋ ಬರೋ ಹಾಗೆ ವಿಮಾನ ಹಿಡೀರಿ.

ನಂದಿ ತಪ್ಪಲು
ನೋಡಿರಲಿಲ್ಲ. ಈಗಲೇ ನೋಡ್ತೀನಿ. ಗಾಲೆ ರೈಲಲ್ಲಿ ಸೈಕಲ್ ಹೇಗೆ?

ಮುಳಬಾಗಿಲು ಸವಾರ
ಬೋಗಿಯೊಳಗೆ ಬಿಡಲ್ಲ, ಪಾರ್ಸೆಲ್ ಬುಕ್ ಮಾಡಿ ಗಾರ್ಡ್ ವ್ಯಾನಲ್ಲಿ. ಎಲ್ಲ ರೈಲಿಗೂ ಆ ಜಾಗ ಇರಲ್ಲ. 7ನೇ ದಿನ ಸಂಜೆ ಗಾಲೆ ಸೇರಿದ ಕೂಡಲೇ ರೂಮಿಗೆ ಹೋಗೋ ಮೊದಲು ಪಾರ್ಸೆಲ್ ಕೌಂಟರಿಗೆ ಹೋಗಿ ಕೇಳಿ, ನಾಲ್ಕು ಸೈಕಲ್ ಅಂತ ಮೊದಲೇ ಹೇಳಿ.

ಬಾಗೇಪಲ್ಲಿ ಬ್ರೇಕು
ಹೊಸ ಪ್ಯಾಡ್ ಹಾಕಿದ ಮೇಲೆ ನಂದಿ ಇಳಿಜಾರಲ್ಲಿ ಒಂದು ಇಪ್ಪತ್ತು ಸಲ, 30ರಿಂದ 5 ಕಿ.ಮೀಗೆ ಹಿಡಿದು ಬಿಟ್ಟು ಮಾಡಿ ಪಳಗಿಸಿ. ಚಕ್ರ ಲಾಕ್ ಮಾಡಬಾರದು. ಪಳಗಿಸದ ಪ್ಯಾಡು ಹಾಕ್ಕೊಂಡು ಹಕ್ಗಲ ಇಳೀಬೇಡಿ.

ನಂದಿ ತಪ್ಪಲು
ಈ ಭಾನುವಾರವೇ ಮಾಡ್ತೀವಿ ಅಣ್ಣ. ಗೇಟ್ ತೆರೆಯೋ ಹೊತ್ತಿಗೆ ಕೆಳಗೆ ಇರ್ತೀವಿ.